ಕುಬ್ಜ ಕೈಮನ್: ನೆರಳಿನ ತೊರೆಯಲ್ಲಿ ಬಾಳುವ ಪುಟ್ಟ ಮೊಸಳೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಸಳೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದಾಂಡೇಲಿಯ ಕಾಳಿ ನದಿಯಲ್ಲೋ ರಂಗನತಿಟ್ಟಿನ ಬಂಡೆಯ ಮೇಲೋ ಬಾಯಿ ತೆರೆದು ಬಿಸಿಲು ಕಾಯಿಸುತ್ತ ಮಲಗಿದ ಭಾರಿ ಪ್ರಾಣಿ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಇದಕ್ಕೆ ತದ್ವಿರುದ್ಧವಾದ ಮೊಸಳೆಯೊಂದಿದೆ. ಅದಕ್ಕೆ ದೊಡ್ಡ ನದಿ ಬೇಡ, ಬಿಸಿಲಿನ ಹಂಗೂ ಅಷ್ಟಿಲ್ಲ. ಮೊಣಕಾಲುದ್ದ ನೀರಿನ ಹಳ್ಳ, ಮೇಲೆ ಮರಗಳ ಚಪ್ಪರ, ದಡದಲ್ಲಿ ಒಂದು ಬಿಲ ಇದ್ದರೆ ಅದರ ಸಂಸಾರ ನಡೆಯುತ್ತದೆ. ಈ ಪ್ರಾಣಿಯ ಬಗ್ಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಕುಬ್ಜ ಕೈಮನ್ ಎಂದರೆ ಯಾವ ಪ್ರಾಣಿ? ಅದು ಮೊಸಳೆಯೇ?

ಮೊಸಳೆಗಳ ಬಳಗದಲ್ಲಿ ಮೂರು ಮನೆತನಗಳಿವೆ. ನಮ್ಮ ಮಗ್ಗರ್ ಸೇರಿರುವ ನಿಜ ಮೊಸಳೆಗಳದು ಒಂದು, ಉದ್ದ ಮೂತಿಯ ಘರಿಯಾಲ್‌ಗಳದು ಇನ್ನೊಂದು, ಅಲಿಗೇಟರ್‌ಗಳದು ಮೂರನೆಯದು. ಕೈಮನ್‌ಗಳು ಅಲಿಗೇಟರ್ ಮನೆತನದವು. ಮೆಕ್ಸಿಕೋದ ದಕ್ಷಿಣ ಭಾಗದಿಂದ ಅರ್ಜೆಂಟೀನಾವರೆಗೆ ಇವುಗಳ ಆರು ಪ್ರಭೇದಗಳಿವೆ. ಅವುಗಳಲ್ಲಿ ಅತಿ ಚಿಕ್ಕದು ಕುವಿಯೆಯ ಕುಬ್ಜ ಕೈಮನ್. ಅಮೆರಿಕ ಖಂಡಗಳೆರಡರಲ್ಲೂ ಇದಕ್ಕಿಂತ ಸಣ್ಣ ಮೊಸಳೆ ಇಲ್ಲ. ಜಗತ್ತಿನಲ್ಲಿ ಇದರ ಜೊತೆ ಗಾತ್ರದಲ್ಲಿ ಸಾಟಿಗೆ ನಿಲ್ಲುವುದು ಆಫ್ರಿಕಾದ ಕುಬ್ಜ ಮೊಸಳೆ ಮಾತ್ರ.

ಎಷ್ಟು ದೊಡ್ಡದಾಗುತ್ತದೆ?

ಬೆಳೆದ ಹೆಣ್ಣು ಸುಮಾರು 1.2 ಮೀಟರ್, ಗಂಡು ಸುಮಾರು 1.6 ಮೀಟರ್. ಅಂದರೆ ನಾಲ್ಕರಿಂದ ಐದೂಕಾಲು ಅಡಿ, ಅದರಲ್ಲೂ ಅರ್ಧದಷ್ಟು ಬಾಲವೇ. ಬ್ರೆಜಿಲ್‌ನ ಪಂತನಾಲ್ ಜೌಗು ಬಯಲಿನ ಅಂಚಿನ ತೊರೆಗಳಲ್ಲಿ ಎರಡು ಮೀಟರ್ ದಾಟಿದ ಗಂಡುಗಳೂ ಸಿಕ್ಕಿವೆ, ಆದರೆ ಅಂಥವು ಅಪರೂಪ. ಅದೇ ಅಮೆಜಾನ್ ಕಣಿವೆಯಲ್ಲಿರುವ ಕಪ್ಪು ಕೈಮನ್ ನಾಲ್ಕು ಮೀಟರ್ ಮೀರಿ ಬೆಳೆಯುತ್ತದೆ.

ಇದರ ಹೆಸರುಗಳ ಹಿಂದೆ ಏನಿದೆ?

ಶಾಸ್ತ್ರೀಯ ಹೆಸರು ಪೇಲಿಯೋಸೂಕಸ್ ಪಾಲ್ಪೆಬ್ರೋಸಸ್. ಮೊದಲ ಪದಕ್ಕೆ ಗ್ರೀಕ್‌ನಲ್ಲಿ ‘ಪುರಾತನ ಮೊಸಳೆ’ ಎಂಬ ಅರ್ಥ. ಎರಡನೆಯದು ಲ್ಯಾಟಿನ್‌ನ ‘ಕಣ್ಣರೆಪ್ಪೆ’ ಎಂಬ ಪದದಿಂದ ಬಂದದ್ದು. ಈ ಪ್ರಾಣಿಯ ಮೇಲ್ರೆಪ್ಪೆಯೊಳಗೆ ಮೂಳೆಯ ತಟ್ಟೆ ಇರುವುದನ್ನು ಗಮನಿಸಿದ ಫ್ರಾನ್ಸ್‌ನ ಜೀವವಿಜ್ಞಾನಿ ಜಾರ್ಜ್ ಕುವಿಯೆ 1807ರಲ್ಲಿ ಈ ಹೆಸರಿಟ್ಟ.

ಇದಕ್ಕೊಬ್ಬ ದಾಯಾದಿ ಇದ್ದಾನೆ: ಶ್ನೈಡರನ ಕೈಮನ್, ಅಂದರೆ ಪೇಲಿಯೋಸೂಕಸ್ ಟ್ರೈಗೊನೇಟಸ್. ಜರ್ಮನಿಯ ವಿದ್ವಾಂಸ ಶ್ನೈಡರ್ ಅದನ್ನು 1801ರಲ್ಲೇ ಹೆಸರಿಸಿದ್ದ. ಬೇರೆ ಕೈಮನ್‌ಗಳಿಗೆ ಎರಡು ಕಣ್ಣುಗಳ ನಡುವೆ ಕನ್ನಡಕದ ಸೇತುವೆಯಂಥ ಒಂದು ಏಣು ಇರುತ್ತದೆ, ಈ ಎರಡಕ್ಕೆ ಅದಿಲ್ಲ. ಹಾಗಾಗಿ ಇವನ್ನು ‘ನುಣುಪು ಹಣೆಯ ಕೈಮನ್’ ಎಂದೂ ಕರೆಯುತ್ತಾರೆ.

ಸ್ಥಳೀಯರ ಹೆಸರುಗಳು ನನಗೆ ಹೆಚ್ಚು ಇಷ್ಟ. ಬ್ರೆಜಿಲ್‌ನಲ್ಲಿ ‘ಜಕರೆ ಪಗ್ವಾ’, ಕೊಲಂಬಿಯಾದಲ್ಲಿ ‘ಕಚಿರೆ’. ವೆನೆಜುವೆಲಾದವರು ‘ಬಾಬೊ ಮೊರಿಚಲೇರೊ’ ಎನ್ನುತ್ತಾರೆ. ಮೊರಿಚೆ ಅಲ್ಲಿನ ಒಂದು ತಾಳೆ, ಮೊರಿಚಲ್ ಎಂದರೆ ಆ ತಾಳೆ ಬೆಳೆದ ಜೌಗು. ಪ್ರಾಣಿಯ ವಿಳಾಸವನ್ನೇ ಅವರು ಅದರ ಹೆಸರು ಮಾಡಿದ್ದಾರೆ.

ಎರಡು ದಾಯಾದಿಗಳನ್ನು ಬೇರೆಬೇರೆ ಗುರುತಿಸುವುದು ಹೇಗೆ?

ತಲೆ ನೋಡಿ. ಕುಬ್ಜ ಕೈಮನ್‌ನ ತಲೆ ಗಿಡ್ಡ, ನೆತ್ತಿ ಗುಮ್ಮಟದಂತೆ ಎತ್ತರ, ಬಣ್ಣ ತುಕ್ಕುಗೆಂಪು ಬೆರೆತ ಕಂದು. ಪಕ್ಕದಿಂದ ನೋಡಿದರೆ ನಾಯಿಯ ಮುಖದ ಹೋಲಿಕೆ ಬರುತ್ತದೆ. ಶ್ನೈಡರನ ಕೈಮನ್‌ನ ಮೂತಿ ಉದ್ದ ಮತ್ತು ಚೂಪು, ಗಾತ್ರವೂ ತುಸು ದೊಡ್ಡದು. ಕಣ್ಣುಗಳು ಎರಡಕ್ಕೂ ಕಂದು.

ಯಾವ ಯಾವ ದೇಶಗಳಲ್ಲಿದೆ?

ಬ್ರೆಜಿಲ್, ಬೊಲಿವಿಯಾ, ಪೆರು, ಈಕ್ವೆಡಾರ್, ಕೊಲಂಬಿಯಾ, ವೆನೆಜುವೆಲಾ, ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ, ಪರಾಗ್ವೆ. ಅಮೆಜಾನ್ ಮತ್ತು ಒರಿನೊಕೊ ನದಿಗಳ ಕಣಿವೆಗಳೇ ಮುಖ್ಯ ನೆಲೆ. ಬ್ರೆಜಿಲ್‌ನ ಪೂರ್ವದ ಸಾವೊ ಫ್ರಾನ್ಸಿಸ್ಕೊ ನದಿಯ ಜಲಾನಯನದಲ್ಲೂ ಪರಾಗ್ವೆ ನದಿಯ ಮೇಲ್ಭಾಗದಲ್ಲೂ ಇದೆ. ದಾಯಾದಿ ಶ್ನೈಡರನ ಕೈಮನ್ ಇಷ್ಟು ದಕ್ಷಿಣಕ್ಕೆ ಇಳಿಯುವುದಿಲ್ಲ.

ಎಂಥ ನೀರಿನಲ್ಲಿ ವಾಸಿಸುತ್ತದೆ?

ಈ ಪ್ರಾಣಿಯನ್ನು ಅರಿಯಬೇಕಾದರೆ ಮೊದಲು ಅದರ ನೀರನ್ನು ಅರಿಯಬೇಕು.

ಅಮೆಜಾನ್ ಎಂದರೆ ಆಚೆ ದಡ ಕಾಣದ ಮಹಾನದಿ ಎಂದೇ ನಮ್ಮ ಕಲ್ಪನೆ. ಆದರೆ ಆ ಮಹಾನದಿಗೆ ನೀರುಣಿಸುವುದು ಕಾಡಿನೊಳಗೆ ಹರಿಯುವ ಲೆಕ್ಕವಿಲ್ಲದಷ್ಟು ಸಣ್ಣ ತೊರೆಗಳು. ಬ್ರೆಜಿಲ್‌ನವರು ಅವಕ್ಕೆ ‘ಇಗರಪೆ’ ಎನ್ನುತ್ತಾರೆ. ತುಪಿ ಭಾಷೆಯ ಈ ಪದಕ್ಕೆ ‘ದೋಣಿಯ ದಾರಿ’ ಎಂದರ್ಥ. ಮಲೆನಾಡಿನ ಹಳ್ಳಗಳನ್ನು ನೋಡಿ ಬೆಳೆದವರಿಗೆ ಈ ಇಗರಪೆಗಳ ಚಿತ್ರ ಕಣ್ಣಿಗೆ ಕಟ್ಟಲು ಕಷ್ಟವಾಗದು: ಮೇಲೆ ಮರಗಳು ಕೈಕೈ ಹಿಡಿದಿರುತ್ತವೆ, ಕೆಳಗೆ ತಣ್ಣನೆಯ ತಿಳಿನೀರು, ತಳದಲ್ಲಿ ಕೊಳೆಯುತ್ತಿರುವ ತರಗೆಲೆ. ಇಲ್ಲಿ ಪೋಷಕಾಂಶ ಕಡಿಮೆ, ಮೀನೂ ದೊಡ್ಡ ನದಿಯಷ್ಟಿಲ್ಲ. ದೊಡ್ಡ ಕೈಮನ್‌ಗಳಿಗೆ ಇಂಥ ಜಾಗ ಸಾಲದು. ಕಾಡಿನೊಳಗಿನ ಇಂಥ ತೊರೆಗಳಲ್ಲಿ ಹೆಚ್ಚಾಗಿ ಇರುವುದು ಶ್ನೈಡರನ ಕೈಮನ್.

ಕುಬ್ಜ ಕೈಮನ್ ತೊರೆಗಳಲ್ಲಿಯೂ ಇದೆ, ಜೊತೆಗೆ ದೊಡ್ಡ ನದಿ-ಸರೋವರಗಳ ಪಕ್ಕದಲ್ಲಿ ಮಳೆಗಾಲಕ್ಕೆ ಮುಳುಗುವ ಕಾಡಿನಲ್ಲೂ ಇದೆ. ಅಮೆಜಾನ್‌ನಿಂದ ದಕ್ಷಿಣಕ್ಕೆ ಬಂದರೆ ಸೆರಾಡೊ ಎಂಬ ಹುಲ್ಲುಗಾಡು ಪ್ರದೇಶ. ಅಲ್ಲಿ ಅಂತರ್ಜಲ ಉಕ್ಕುವ ತಗ್ಗುಗಳಲ್ಲಿ ಬುರಿತಿ ತಾಳೆಯ ಸಾಲುಗಳಿರುತ್ತವೆ. ವೆನೆಜುವೆಲಾದ ಮೊರಿಚೆ ಎಂದದ್ದೂ ಇದೇ ಮರ. ಆ ಸಾಲುಗಳ ಬುಡದ ಜೌಗಿನಲ್ಲೂ ಈ ಪುಟ್ಟ ಮೊಸಳೆ ಮನೆಮಾಡಿದೆ. ಪಂತನಾಲ್‌ನಲ್ಲಂತೂ ನೀರು ನಿಂತ ಬಯಲನ್ನೆಲ್ಲ ಲಕ್ಷಗಟ್ಟಲೆ ಸಂಖ್ಯೆಯಲ್ಲಿರುವ ‘ಯಕರೆ’ ಎಂಬ ಇನ್ನೊಂದು ಪ್ರಭೇದದ ಕೈಮನ್‌ಗಳಿಗೆ ಬಿಟ್ಟು, ಇದು ಬಯಲ ಸುತ್ತಣ ಬೆಟ್ಟಗಳಿಂದ ಇಳಿಯುವ ತೊರೆಗಳನ್ನು ಹಿಡಿದುಕೊಂಡಿದೆ.

ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಬಿಲ ಸೇರುತ್ತದೆ. ಹಗಲೆಲ್ಲ ಅಲ್ಲೇ ಅಡಗಿದ್ದು ಕತ್ತಲಾದ ಮೇಲೆ ಹೊರಬೀಳುವುದು ಇದರ ಸಾಮಾನ್ಯ ದಿನಚರಿ. ಶ್ನೈಡರನ ಕೈಮನ್ ತೊರೆಯಿಂದ ದೂರ, ಕಾಡಿನೊಳಗೆ ಬಿದ್ದ ಮರದ ಪೊಟರೆಯಲ್ಲಿ ಮಲಗಿದ್ದನ್ನೂ ಸಂಶೋಧಕರು ಕಂಡಿದ್ದಾರೆ.

ಬಿಸಿಲು ಕಾಯಿಸದೆ ಮೊಸಳೆ ಬದುಕುವುದು ಹೇಗೆ ಸಾಧ್ಯ?

ಈ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದೆ. ಮೊಸಳೆ ಶೀತರಕ್ತದ ಪ್ರಾಣಿ. ಮೈಯ ಶಾಖವನ್ನು ನಮ್ಮಂತೆ ಒಳಗೆ ಹುಟ್ಟಿಸಿಕೊಳ್ಳಲಾರದು, ಹೊರಗಿನಿಂದ ಪಡೆಯಬೇಕು. ಬಹುಪಾಲು ಮೊಸಳೆಗಳು ಅವಕಾಶವಿದ್ದಾಗ ಮೈಯನ್ನು 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇಟ್ಟುಕೊಳ್ಳಲು ನೋಡುತ್ತವೆ. ಕಾಳಿ ನದಿಯ ಮಗ್ಗರ್ ಬೆಳಗಿನ ಹೊತ್ತು ದಡಕ್ಕೆ ಬಂದು ಮಲಗುವುದು ಅದಕ್ಕೇ.

ಬ್ರೆಜಿಲ್‌ನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾದ ಪಂತನಾಲ್ ಕೇಂದ್ರದ ಜಿಲ್ಕಾ ಕಾಂಪೊಸ್ ಮತ್ತು ಮನೌಸ್‌ನ ಅಮೆಜಾನ್ ಸಂಶೋಧನಾ ಸಂಸ್ಥೆಯ ವಿಲಿಯಂ ಮ್ಯಾಗ್ನುಸನ್ ಬೆಟ್ಟದ ತೊರೆಯೊಂದರಲ್ಲಿನ ಕುಬ್ಜ ಕೈಮನ್‌ಗಳ ಮೈಶಾಖ ಅಳೆದರು. ಅದು 22 ಡಿಗ್ರಿಯ ಆಸುಪಾಸಿನಲ್ಲಿತ್ತು, ಅಂದರೆ ಹೆಚ್ಚುಕಮ್ಮಿ ತೊರೆಯ ನೀರಿನಷ್ಟೇ. ಬೇರೆ ಮೊಸಳೆ ಮಂಕಾಗಿಬಿಡುವ ತಂಪಿನಲ್ಲಿ ಇದು ಬೇಟೆಯಾಡುತ್ತದೆ, ಬೆಳೆಯುತ್ತದೆ, ಮರಿ ಮಾಡುತ್ತದೆ.

ಇದಕ್ಕೆ ಬೆಲೆಯೂ ತೆರಬೇಕು. ತಂಪು ಮೈಯಲ್ಲಿ ಜೀರ್ಣಕ್ರಿಯೆ ನಿಧಾನ, ಬೆಳವಣಿಗೆ ನಿಧಾನ. ಶ್ನೈಡರನ ಕೈಮನ್ ಹೆಣ್ಣು ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ. ನಿಧಾನವಾಗಿ ಬೆಳೆಯುವ ಪ್ರಾಣಿಗಳನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕು. ಇವುಗಳ ರಕ್ಷಣೆಯ ಬಗ್ಗೆ ಯೋಚಿಸುವವರು ಮೊದಲು ನೆನಪಿಡಬೇಕಾದ ವಿಷಯ ಇದು ಎಂದು ನನ್ನ ಭಾವನೆ.

ಚರ್ಮ ಅಷ್ಟೊಂದು ಗಡಸು ಏಕೆ?

ಎಲ್ಲ ಮೊಸಳೆಗಳಿಗೂ ಬೆನ್ನಿನ ಚರ್ಮದೊಳಗೆ ಮೂಳೆತಟ್ಟೆಗಳಿರುತ್ತವೆ. ಕುಬ್ಜ ಕೈಮನ್‌ಗೆ ಹೊಟ್ಟೆಯ ಭಾಗದಲ್ಲೂ ಒತ್ತೊತ್ತಾಗಿ ಇವೆ, ರೆಪ್ಪೆಯನ್ನೂ ಬಿಟ್ಟಿಲ್ಲ. ಕಲ್ಲು-ಬೇರುಗಳ ನಡುವೆ ರಭಸದಿಂದ ಹರಿಯುವ ನೀರಿನಲ್ಲಿ ಮೈ ಉಜ್ಜಿಹೋಗದಿರಲಿ ಎಂದು ಈ ಕವಚ ಎಂಬುದು ಒಂದು ವಿವರಣೆ. ಗಾತ್ರ ಚಿಕ್ಕದಾದ್ದರಿಂದ ಶತ್ರುಗಳ ಹಲ್ಲಿನಿಂದ ರಕ್ಷಣೆಗಾಗಿ ಎಂಬುದು ಇನ್ನೊಂದು. ಎರಡೂ ಕೂಡಿರಬಹುದು.

ಈ ಕವಚದಿಂದ ಯಾರೂ ನೆನೆಸದ ಒಂದು ಲಾಭವಾಯಿತು. 20ನೆಯ ಶತಮಾನದಲ್ಲಿ ಕೈಚೀಲ, ಪಾದರಕ್ಷೆಗಳಿಗಾಗಿ ದಕ್ಷಿಣ ಅಮೆರಿಕದ ಕೈಮನ್‌ಗಳನ್ನು ಅಪಾರ ಸಂಖ್ಯೆಯಲ್ಲಿ ಕೊಂದರು. ಕಪ್ಪು ಕೈಮನ್ ಹಲವೆಡೆ ಅಳಿವಿನ ಅಂಚಿಗೆ ಹೋಯಿತು. ಬ್ರೆಜಿಲ್ 1967ರಲ್ಲಿ ಕಾಡುಪ್ರಾಣಿಗಳ ವಾಣಿಜ್ಯ ಬೇಟೆ ನಿಷೇಧಿಸುವವರೆಗೂ, ಅದಾದ ಮೇಲೆ ಕದ್ದುಮುಚ್ಚಿಯೂ ಈ ವ್ಯಾಪಾರ ನಡೆಯಿತು. ಮೂಳೆ ತುಂಬಿದ ಕುಬ್ಜ ಕೈಮನ್ ಚರ್ಮವನ್ನು ಹದಮಾಡುವುದು ಕಷ್ಟ. ಹದಮಾಡಿದರೂ ಬಾಗುವುದಿಲ್ಲ. ಹಾಗಾಗಿ ಚರ್ಮದ ವ್ಯಾಪಾರಿಗಳು ಅದನ್ನು ಬಿಟ್ಟುಬಿಟ್ಟರು.

ಏನು ತಿನ್ನುತ್ತದೆ?

ಮರಿಗಳು ಹುಳುಹುಪ್ಪಟೆ, ಜೀರುಂಡೆ, ಸಿಗಡಿ, ಗೊದಮೊಟ್ಟೆ ಹಿಡಿಯುತ್ತವೆ. ದೊಡ್ಡವು ಮೀನು, ಏಡಿ, ಕಪ್ಪೆ, ಶಂಖದ ಹುಳು, ನೀರಿಗಿಳಿದ ಹಕ್ಕಿ, ಇಲಿಯಂಥ ಸಣ್ಣ ಪ್ರಾಣಿಗಳನ್ನು ತಿನ್ನುತ್ತವೆ. ಶ್ನೈಡರನ ಕೈಮನ್ ಬೆಳೆದಂತೆ ನೆಲದ ಬೇಟೆಯ ಕಡೆ ವಾಲುತ್ತದೆ: ಹಾವು, ಮುಳ್ಳುಹಂದಿ, ಪಾಕಾ ಎಂಬ ದೊಡ್ಡ ದಂಶಕ. ಇವುಗಳ ಹೊಟ್ಟೆಯಲ್ಲಿ ಬೇರೆ ಮೊಸಳೆಗಳಂತೆ ಕಲ್ಲುಗಳೂ ಸಿಗುತ್ತವೆ.

ಗೂಡು ಕಟ್ಟುತ್ತದೆಯೇ?

ಕಟ್ಟುತ್ತದೆ. ನಮ್ಮ ಮಗ್ಗರ್ ದಡದ ಮರಳಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕೈಮನ್‌ಗಳದು ಬೇರೆ ಪದ್ಧತಿ. ತರಗೆಲೆ, ಹುಲ್ಲು, ಕಡ್ಡಿ, ಕೆಸರು ಎಲ್ಲವನ್ನೂ ಗುಡ್ಡೆ ಹಾಕಿ, ಅದರ ನಡುವೆ ಮೊಟ್ಟೆಯಿಡುತ್ತವೆ. ಮನೆಯ ಹಿಂದಿನ ಗೊಬ್ಬರದ ಗುಂಡಿಗೆ ಕೈ ಹಾಕಿದವರಿಗೆ ಗೊತ್ತು, ಕೊಳೆಯುವ ಸೊಪ್ಪು ಎಷ್ಟು ಬೆಚ್ಚಗಿರುತ್ತದೆ ಎಂದು. ಆ ಬಿಸಿಯೇ ಕಾವು. ಕುಬ್ಜ ಕೈಮನ್ 10ರಿಂದ 25 ಮೊಟ್ಟೆಯಿಡುತ್ತದೆ, ಸುಮಾರು 90 ದಿನಕ್ಕೆ ಮರಿಯಾಗುತ್ತದೆ.

ಹುತ್ತದ ಪಕ್ಕ ಗೂಡು ಮಾಡುವ ಮೊಸಳೆ ಇದೇ ಏನು?

ಅದು ದಾಯಾದಿ, ಶ್ನೈಡರನ ಕೈಮನ್. ದಟ್ಟ ಕಾಡಿನ ನೆಲಕ್ಕೆ ಬಿಸಿಲು ಬೀಳುವುದೇ ಕಡಿಮೆ. ಬರೀ ತರಗೆಲೆಯ ಬಿಸಿ ಮೊಟ್ಟೆಗಳಿಗೆ ಸಾಲದು. ಆಗ ತಾಯಿ ಹುಡುಕುವುದು ಗೆದ್ದಲಿನ ಹುತ್ತವನ್ನು. ಲಕ್ಷಾಂತರ ಗೆದ್ದಲುಗಳ ಉಸಿರಾಟ, ಓಡಾಟಗಳಿಂದ ಹುತ್ತದ ಒಳಗು ಸುತ್ತಲ ಕಾಡಿಗಿಂತ ಬೆಚ್ಚಗಿರುತ್ತದೆ, ಹಗಲು ರಾತ್ರಿ ಒಂದೇ ಸಮ. ಅದಕ್ಕೆ ಒತ್ತಿಕೊಂಡು ಗೂಡು ಕಟ್ಟಿದರೆ ಮೊಟ್ಟೆಗಳಿಗೆ ಕಾವು ಪುಕ್ಕಟೆ. ಮ್ಯಾಗ್ನುಸನ್ ಮತ್ತು ಸಹೋದ್ಯೋಗಿಗಳು ಗೂಡುಗಳ ಶಾಖ ಅಳೆದು 1985ರಲ್ಲಿ ಇದನ್ನು ವಿವರಿಸಿದರು. ಇಷ್ಟಿದ್ದರೂ ಮರಿಯಾಗಲು ನೂರು ದಿನಕ್ಕಿಂತ ಹೆಚ್ಚು ಬೇಕು.

‘ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ’ ಎಂದು ಕೇಳಿ ಬೆಳೆದವರು ನಾವು. ಹುತ್ತವನ್ನು ಒಡೆಯದೆ, ಒಳಗೆ ನುಗ್ಗದೆ, ಪಕ್ಕದಲ್ಲಿ ಕೂತು ಬಿಸಿ ಕಾಯಿಸಿಕೊಳ್ಳುವ ಈ ನೆಂಟಸ್ತಿಕೆ ನನ್ನನ್ನು ಬಹಳ ಸೆಳೆದಿದೆ. ಕಾಡು ಕಡಿದರೆ ಮೊಸಳೆಯೊಂದೇ ಹೋಗುವುದಿಲ್ಲ, ಅದರ ಮೊಟ್ಟೆಗೆ ಒಲೆಯಾದ ಹುತ್ತವೂ ಹೋಗುತ್ತದೆ.

ಮರಿ ಗಂಡೋ ಹೆಣ್ಣೋ ಎಂಬುದನ್ನು ಶಾಖ ತೀರ್ಮಾನಿಸುತ್ತದೆ ಎನ್ನುವುದು ನಿಜವೇ?

ನಿಜ. ಮೊಸಳೆಗಳಿಗೆ ಲಿಂಗ ನಿರ್ಧರಿಸುವ ವರ್ಣತಂತುಗಳಿಲ್ಲ. ಕಾವಿನ ಕಾಲದ ನಡುಭಾಗದಲ್ಲಿ ಗೂಡು ಎಷ್ಟು ಬಿಸಿಯಾಗಿತ್ತು ಎಂಬುದರ ಮೇಲೆ ಅದು ನಿಂತಿದೆ. ಸಾಮಾನ್ಯವಾಗಿ 31-32 ಡಿಗ್ರಿಯ ಸುತ್ತ ಗಂಡುಗಳು ಹೆಚ್ಚು, ಅದಕ್ಕಿಂತ ತಂಪಾದರೆ ಹೆಣ್ಣುಗಳು. ಆದ್ದರಿಂದಲೇ ಗೂಡಿನ ಜಾಗದ ಆಯ್ಕೆ ತಾಯಿಗೆ ಅಷ್ಟು ಮುಖ್ಯ.

ತಾಯಿ ಮರಿಗಳನ್ನು ನೋಡಿಕೊಳ್ಳುತ್ತದೆಯೇ?

ಮೊಟ್ಟೆಯೊಳಗಿಂದಲೇ ಮರಿಗಳು ಕೂಗುತ್ತವೆ. ಆ ದನಿ ಕೇಳಿ ತಾಯಿ ಗೂಡನ್ನು ಬಗೆದು ತೆರೆಯುತ್ತದೆ. ಹೊರಬಂದ ಮರಿಗಳ ಮೈಗೆ ಲೋಳೆ ಅಂಟಿರುತ್ತದೆ. ಅದು ಒಣಗುವವರೆಗೂ ಅವು ನೀರಿಗಿಳಿಯಲು ತಡಮಾಡುವುದುಂಟು. ಚರ್ಮದ ಮೇಲೆ ಉಳಿದ ಆ ಪದರ ಪಾಚಿ ಹತ್ತದಂತೆ ಕಾಯುತ್ತದೆ ಎಂದು ನಂಬಲಾಗಿದೆ. ಸ್ವಲ್ಪ ಕಾಲ ತಾಯಿಯ ಹತ್ತಿರವಿದ್ದು ಆಮೇಲೆ ಚದುರಿಹೋಗುತ್ತವೆ. ದೊಡ್ಡವಾದ ಮೇಲೆ ಒಂಟಿಯಾಗಿಯೋ ಜೋಡಿಯಾಗಿಯೋ ಇರುವುದೇ ಹೆಚ್ಚು. ಗುಂಪು ಕೂಡುವ ಪ್ರಾಣಿಯಲ್ಲ.

ಶತ್ರುಗಳು ಯಾರು?

ದೊಡ್ಡ ಅನಕೊಂಡ ಮತ್ತು ಜಾಗ್ವಾರ್. ಮೊಟ್ಟೆಗಳಿಗೂ ಮರಿಗಳಿಗೂ ಶತ್ರುಗಳ ಪಟ್ಟಿ ಇನ್ನೂ ಉದ್ದ: ಹಲ್ಲಿ ಜಾತಿಯ ದೊಡ್ಡ ಪ್ರಾಣಿಗಳು, ದಂಶಕಗಳು, ಬೇಟೆಹಕ್ಕಿಗಳು.

‘ಪುರಾತನ ಮೊಸಳೆ’ ಎಂಬ ಹೆಸರು ಸರಿಯೇ? ಎಷ್ಟು ಹಳೆಯ ವಂಶ?

ಪೆರುವಿನ ಇಕಿಟೋಸ್ ಸಮೀಪದ ಶಿಲಾಪದರಗಳಲ್ಲಿ ಸುಮಾರು 1.3 ಕೋಟಿ ವರ್ಷಗಳಷ್ಟು ಹಳೆಯ ಮೊಸಳೆ ಪಳೆಯುಳಿಕೆಗಳು ಸಿಕ್ಕಿವೆ. ಆಗ ಅಲ್ಲಿ ಅಮೆಜಾನ್ ನದಿ ಇರಲಿಲ್ಲ, ವಿಶಾಲವಾದ ಜೌಗು ಇತ್ತು. ಒಂದೇ ಕಡೆ ಏಳು ಬಗೆಯ ಮೊಸಳೆಗಳಿದ್ದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಲವು ಬಗೆಯವು ಚಿಪ್ಪುಜೀವಿಗಳನ್ನು ಅರೆದು ತಿನ್ನುವ ದವಡೆಯವು. ಹತ್ತು ಮೀಟರ್‌ನಷ್ಟು ಬೆಳೆಯುತ್ತಿದ್ದ ಪುರುಸಾರಸ್ ಎಂಬ ದೈತ್ಯ ಕೈಮನ್ನೂ ಆ ಕಾಲದ್ದೇ. ಅವುಗಳ ನಡುವೆ ಪೇಲಿಯೋಸೂಕಸ್ ಕುಲದ ಒಂದು ಪ್ರಾಣಿಯೂ ಇತ್ತು. ಜೌಗು ಬತ್ತಿ ನದಿಯಾಯಿತು, ಪುರುಸಾರಸ್ ಹೋಯಿತು, ಈ ಕುಲ ಉಳಿಯಿತು.

ಇತ್ತೀಚಿನ ತಳಿಶಾಸ್ತ್ರದ ಅಧ್ಯಯನಗಳಲ್ಲಿ ಅಮೆಜಾನ್ ಮತ್ತು ಪಂತನಾಲ್ ಸುತ್ತಲಿನ ಕುಬ್ಜ ಕೈಮನ್‌ಗಳು ಬಹುಕಾಲದಿಂದ ಬೇರೆಬೇರೆಯಾಗಿ ಬೆಳೆದು ಬಂದ ಕವಲುಗಳೆಂದು ಕಂಡುಬಂದಿದೆ. ಒಂದು ಕಡೆ ಅಳಿದರೆ ಇನ್ನೊಂದು ಕಡೆಯಿಂದ ತಂದು ಬಿಟ್ಟು ಸರಿಮಾಡಬಹುದು ಎನ್ನುವ ಹಾಗಿಲ್ಲ.

ಮನುಷ್ಯರಿಗೆ ಅಪಾಯವೇ?

ಮನುಷ್ಯರನ್ನು ಬೇಟೆಯಾಡುವ ಗಾತ್ರ ಇದರದ್ದಲ್ಲ. ಹಿಡಿಯಲು ಹೋದರೆ ಮಾತ್ರ ಚೂಪು ಹಲ್ಲುಗಳಿಂದ ಚೆನ್ನಾಗಿಯೇ ಕಚ್ಚುತ್ತದೆ.

ಇದು ಅಳಿವಿನಂಚಿನಲ್ಲಿದೆಯೇ?

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ‘ಕನಿಷ್ಠ ಕಾಳಜಿ’ಯ ವರ್ಗದಲ್ಲಿದೆ. ವ್ಯಾಪ್ತಿ ವಿಶಾಲವಾಗಿದೆ, ಚರ್ಮಕ್ಕೆ ಬೇಡಿಕೆಯಿಲ್ಲ. ಆದರೆ ಆ ಮಾತು ಓದಿ ನಿಶ್ಚಿಂತರಾಗಿಬಿಡುವುದು ತಪ್ಪು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಂದೂಕಿನಿಂದ ಪಾರಾದ ಪ್ರಾಣಿಗೆ ಈಗ ತೊರೆ ಕಳೆದುಕೊಳ್ಳುವ ಆಪತ್ತು ಬಂದಿದೆ.

ಸೆರಾಡೊದಲ್ಲಿ ಸೋಯಾ ಹೊಲ ಮತ್ತು ಹುಲ್ಲುಗಾವಲುಗಳಿಗಾಗಿ ಕಾಡು ಬೋಳಾಗುತ್ತಿದೆ. ಅಂತರ್ಜಲ ಇಳಿದರೆ ಬುರಿತಿ ತಾಳೆಯ ಜೌಗು ಒಣಗುತ್ತದೆ. ದಡದ ಮರ ಹೋದರೆ ಮಣ್ಣು ಕೊಚ್ಚಿ ಬಂದು ತೊರೆ ಹೂಳುತ್ತದೆ, ನೀರು ಕಾಯುತ್ತದೆ. ಅಮೆಜಾನ್‌ನ ಉಪನದಿ ಮದೀರಾಕ್ಕೆ ಅಡ್ಡಲಾಗಿ ಸಾಂತೊ ಅಂತೋನಿಯೊ ಮತ್ತು ಜಿರಾವ್ ಎಂಬ ದೊಡ್ಡ ಜಲವಿದ್ಯುತ್ ಅಣೆಕಟ್ಟುಗಳು ಎದ್ದಿವೆ. ನದಿಯ ಏರಿಳಿತ ಬದಲಾದರೆ ಪಕ್ಕದ ಮುಳುಗುಕಾಡುಗಳ ಲಯವೂ ಬದಲಾಗುತ್ತದೆ. ಚಿನ್ನದ ಅಕ್ರಮ ಗಣಿಗಾರರು ಬಳಸುವ ಪಾದರಸ ನೀರಿಗೆ ಸೇರಿ, ಮೀನಿನಿಂದ ಮೀನು ತಿನ್ನುವವರ ಮೈಗೆ ಏರುತ್ತ ಹೋಗುತ್ತದೆ. ಆ ಸರಪಳಿಯ ತುದಿಯಲ್ಲಿ ಕೈಮನ್ ಇದೆ, ಅದೇ ಮೀನು ಉಣ್ಣುವ ಮೂಲನಿವಾಸಿಗಳೂ ಇದ್ದಾರೆ.

ಇಷ್ಟು ಚಿಕ್ಕದಾದರೆ ಮನೆಯಲ್ಲಿ ಸಾಕಬಹುದಲ್ಲ?

ಬೇಡ. ಈ ಪ್ರಶ್ನೆ ಈಚೆಗೆ ಹೆಚ್ಚಾಗುತ್ತಿರುವುದರಿಂದ ಬಿಡಿಸಿ ಹೇಳುತ್ತೇನೆ. ಗಾಜಿನ ತೊಟ್ಟಿಯಲ್ಲಿ ಅಂಗೈಯುದ್ದದ ಮರಿ ಮುದ್ದಾಗಿ ಕಾಣುತ್ತದೆ. ಅದು ಹತ್ತಾರು ವರ್ಷ ಬದುಕುವ, ಕಚ್ಚುವ, ಪಳಗದ ಪ್ರಾಣಿ. ಹರಿಯುವ ನೀರು, ಬಿಲ, ಕತ್ತಲು, ಏಕಾಂತ ಇವನ್ನು ಫ್ಲ್ಯಾಟಿನಲ್ಲಿ ಕೊಡಲಾಗದು.

ಕಾನೂನೂ ಇದೆ. ಕುಬ್ಜ ಕೈಮನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಸೇರಿಸಿತು. 2024ರ ನಿಯಮಗಳಂತೆ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಂದ ವಿದೇಶಿ ಸರೀಸೃಪಗಳನ್ನು ಕಸ್ಟಮ್ಸ್‌ನವರು ಹೊರತೆಗೆದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಬಟ್ಟೆಯ ನಡುವೆ ಸುತ್ತಿಟ್ಟ ಆ ಜೀವಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಕೊಳ್ಳುವವರು ಇಲ್ಲಿರುವುದರಿಂದಲೇ ತರುವವರು ಹುಟ್ಟಿಕೊಂಡಿದ್ದಾರೆ.

ಕೈಮನ್ ನೋಡುವ ಆಸೆಯಿದ್ದರೆ ಚೆನ್ನೈ ಬಳಿಯ ಮದ್ರಾಸ್ ಮೊಸಳೆ ಬ್ಯಾಂಕಿಗೆ ಹೋಗಿ ಬನ್ನಿ. ರೊಮುಲಸ್ ವಿಟೇಕರ್ 1976ರಲ್ಲಿ ಕಟ್ಟಿದ ಆ ಕೇಂದ್ರದಲ್ಲಿ ನಮ್ಮ ಮೊಸಳೆಗಳ ಜೊತೆ ದಕ್ಷಿಣ ಅಮೆರಿಕದ ಕೈಮನ್‌ಗಳನ್ನೂ ಸಾಕಿದ್ದಾರೆ.

ಅಡಗಿಯೇ ಇರುವ ಪ್ರಾಣಿಯನ್ನು ವಿಜ್ಞಾನಿಗಳು ಎಣಿಸುವುದು ಹೇಗೆ?

ರಾತ್ರಿ, ಟಾರ್ಚ್ ಹಿಡಿದು. ಮೊಸಳೆಯ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪದರವಿದೆ. ಬೆಳಕು ಬಿದ್ದಾಗ ಕಣ್ಣು ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ದೊಡ್ಡ ನದಿಯಲ್ಲಾದರೆ ದೋಣಿಯಲ್ಲಿ ಕೂತು ಈ ಕೆಂಡಗಳನ್ನು ಎಣಿಸುತ್ತ ಸಾಗಬಹುದು. ಕುಬ್ಜ ಕೈಮನ್‌ನ ತೊರೆಗೆ ದೋಣಿ ಹೋಗುವುದಿಲ್ಲ. ಸಂಶೋಧಕರು ನೀರಿಗಿಳಿದು, ಬಿದ್ದ ಮರಗಳನ್ನು ದಾಟುತ್ತ, ತೊರೆಯ ಪ್ರತಿ ತಿರುವಿನಲ್ಲೂ ಬೆಳಕು ಬಿಟ್ಟು ನೋಡುತ್ತ ನಡೆಯಬೇಕು. ಪ್ರಾಣಿ ಬಿಲದಲ್ಲಿದ್ದರೆ ಕಣ್ಣು ಕಾಣುವುದೇ ಇಲ್ಲ. ಒಂದು ರಾತ್ರಿಯೆಲ್ಲ ನಡೆದು ಬೆರಳೆಣಿಕೆಯಷ್ಟು ಕಣ್ಣು ಕಂಡರೂ ಅದನ್ನು ಒಳ್ಳೆಯ ರಾತ್ರಿ ಎಂದೇ ಪುಸ್ತಕದಲ್ಲಿ ಬರೆದುಕೊಳ್ಳಬೇಕು.